ನಿಂತಿದ್ದು ನಿಂತಂಗ

ಚರ್ಚಿನಲ್ಲಿ ನಡೆದ ಅವರ ಸ್ಮರಣಾರ್ಥ ಆರಾಧನೆಯಲ್ಲಿ ಎಲ್ಲರೂ ಅವರನ್ನು ಸಹನಾಮಯಿ ಎಂದರು. ಮೊದಲು ಮಾತಾಡಿದವರು ಹಾಗೆಂದರು, ಎರಡನೆಯವರು ಅದನ್ನೇ ತೆಲುಗಿನಲ್ಲಿ ಅಂದರು, ಮೂರನೆಯವರು ‘ಮೌನವಾಗಿ ಸೇವೆ ಮಾಡಿದ ಜೀವ’ ಎಂದು ಸೇರಿಸಿದರು. ಪರದೆಯ ಮೇಲೆ ಅವರ ಫೋಟೋ ಇತ್ತು. ಬಿಳಿ ಸೀರೆ, ಮಡಿಲಲ್ಲಿ ಕೈ, ಕುರ್ಚಿಯ ಮೇಲೆ ಕೂತಿದ್ದಾರೆ. ಇದು ಯಾರು ಎಂದು ಒಂದು ಕ್ಷಣ ಅನ್ನಿಸಿತು. ನನಗೆ ಗೊತ್ತಿದ್ದವರು ಕೂತದ್ದು ಕಡಿಮೆ, ಸುಮ್ಮನಿದ್ದದ್ದು ಇನ್ನೂ ಕಡಿಮೆ. ಸಹನೆಯ ಮಾತು ಬಿಡಿ. ಚಹಾ ಕುದಿಯುವವರೆಗೆ ಕಾಯುವುದೂ ಅವರಿಗೆ ಆಗುತ್ತಿರಲಿಲ್ಲ. ಅರೆಬರೆ ಬಣ್ಣ ಬಿಟ್ಟ ನೀರನ್ನು ಸೋಸಿ ಕೊಟ್ಟು, ‘ಕುಡೀರಿ, ಹೊಟ್ಟ್ಯಾಗ ಹೋಗಿ ಕುದೀತೈತಿ’ ಅನ್ನುತ್ತಿದ್ದರು.

ಹಾಗೆಂದು ನನ್ನ ನೆನಪೇ ನಿಜ ಎಂದು ನಾನು ಹೇಳುತ್ತಿಲ್ಲ. ನನ್ನ ನೆನಪಿನಲ್ಲಿ ಅವರು ಯಾವಾಗಲೂ ನಿಂತೇ ಇದ್ದಾರೆ. ಯಾವ ಮನುಷ್ಯರೂ ಹಾಗೆ ಇರುವುದಿಲ್ಲ. ಬಸ್ಸಿನಲ್ಲಿ ಕೂತಿರುತ್ತಾರೆ, ಅಕ್ಕಿ ಆರಿಸುವಾಗ ಕೂತಿರುತ್ತಾರೆ. ನೆನಪು ತನಗೆ ಬೇಕಾದ ಭಂಗಿಯನ್ನು ಇಟ್ಟುಕೊಂಡು ಉಳಿದದ್ದನ್ನು ಕಸಕ್ಕೆ ಹಾಕುತ್ತದೆ. ಆದರೂ ಆ ಕುರ್ಚಿಯ ಫೋಟೋ ನೋಡಿದಾಗ ಯಾರೋ ಅವರ ಭುಜ ಒತ್ತಿ ಕೂರಿಸಿದ ಹಾಗೆ ಕಂಡಿತು. ಅದಕ್ಕೇ ಬರೆಯುತ್ತಿದ್ದೇನೆ.

ಅವರು ಹೈದರಾಬಾದಿನ ಒಂದು ಸರಕಾರಿ ಕಾರ್ಖಾನೆಯಲ್ಲಿ ಟೆಲಿಫೋನ್ ಆಪರೇಟರ್ ಆಗಿದ್ದವರು. ಬೀದರ ಕಡೆಯವರು. ಮದುವೆಯಾಗಿ ಬಂದು, ಗಂಡ ಬೇಗ ತೀರಿಕೊಂಡ ಮೇಲೆ, ಅವರ ಜಾಗದಲ್ಲಿ ಕೆಲಸಕ್ಕೆ ಸೇರಿದ್ದರು. ಹಳೆಯ ಎಕ್ಸ್‌ಚೇಂಜಿನ ಬೋರ್ಡು, ಒಂದು ತೂತಿನಿಂದ ವೈರು ಕಿತ್ತು ಇನ್ನೊಂದಕ್ಕೆ ಚುಚ್ಚುವ ಕೆಲಸ. ನಾನು ಅವರನ್ನು ಕಾಣುವ ಹೊತ್ತಿಗೆ ಬೋರ್ಡೂ ಹೋಗಿತ್ತು, ಕೆಲಸವೂ ಹೋಗಿತ್ತು. ಕೈ ಮಾತ್ರ ಬಿಟ್ಟಿರಲಿಲ್ಲ. ಮಾತಾಡುವಾಗ ಬಲಗೈ ಗಾಳಿಯಲ್ಲಿ ಏನನ್ನೋ ಕಿತ್ತು ಎಲ್ಲೋ ಚುಚ್ಚುತ್ತಿತ್ತು. ಕೇಳುವಾಗ ತಲೆ ಒಂದು ಕಡೆ ವಾಲಿ, ಬೆರಳು ಕಿವಿಯ ಮೇಲೆ ಬರುತ್ತಿತ್ತು. ಎದುರಿಗಿದ್ದವರು ತಡವರಿಸಿದರೆ, ‘ಲೈನ್ ಮ್ಯಾಲ ಇರ್ರಿ’ ಎಂದು ತಮ್ಮ ಮಾತು ಶುರುಮಾಡುತ್ತಿದ್ದರು.

ಯಾವ ಕಚೇರಿಯ ಯಾವ ಸಾಹೇಬರನ್ನು ಬೇಕಾದರೂ ಫೋನಿನಲ್ಲಿ ಹಿಡಿಯಬಲ್ಲೆ ಎಂಬ ಜಂಬ ಅವರಿಗೆ. ‘ಸಾಹೇಬರು ಮೀಟಿಂಗ್‌ನಾಗ ಅದಾರ ಅಂತ ಹೇಳಾಕ ನಾನೇ ಕುಂತಿದ್ನಲ್ಲ, ನನಗೇ ಆ ಮಾತು ಹೇಳ್ತಾರ’ ಎಂದು ನಗುತ್ತಿದ್ದರು. ಎಂಗೇಜ್ ಬಂದರೆ ಬೇಸರಪಡುತ್ತಿರಲಿಲ್ಲ. ‘ಎಂಗೇಜ್ ಅಂದ್ರ ಒಳಗ ಮಂದಿ ಅದಾರ ಅಂತ ಆತಲ್ಲ. ಹಚ್ಚು ಮತ್ತ.’

ನನಗೆ ಪರಿಚಯವಾದದ್ದು ನಾಂಪಲ್ಲಿ ಕಡೆಯ ಅವರ ಚರ್ಚಿನ ಗೇಟಿನಲ್ಲಿ. ಆಗ ನಾನು ಮಾಧಾಪುರದ ಒಂದು ಕಂಪನಿಯಲ್ಲಿ ಕೆಲಸಕ್ಕೆ ಸೇರಿದ್ದೆ. ಅಲ್ಲಿ ವಾರವಾರಕ್ಕೂ ಹೊಸ ಗಾಜಿನ ಕಟ್ಟಡ ಏಳುತ್ತಿದ್ದ ವರ್ಷಗಳು ಅವು. ಆ ಚರ್ಚಿನ ತೆಲುಗು ಆರಾಧನೆಯಲ್ಲಿ ವಾರಕ್ಕೊಂದು ಕನ್ನಡ ಹಾಡು ಇರುತ್ತದೆ, ಹಳೆಯ ಕನ್ನಡ ಕುಟುಂಬಗಳಿಗಾಗಿ ಬಹಳ ಹಿಂದೆ ಮಾಡಿಕೊಂಡ ಒಪ್ಪಂದ ಅದು ಎಂದು ಯಾರೋ ಹೇಳಿದ್ದರು. ಭಕ್ತಿಯಿಂದಲ್ಲ, ಆ ಒಂದು ಹಾಡಿಗಾಗಿ ಹೋದೆ.

‘ಯಾವ ಊರು?’ ಎಂದು ಗೇಟಿನಲ್ಲೇ ಹಿಡಿದರು.

‘ಗದಗ ರೀ.’

‘ಇಲ್ಲೇನ್ ಮಾಡಾಕತ್ತಿ?’

‘ಸಾಫ್ಟ್‌ವೇರ್ ಹೆಂಗ ಬಳಸಬೇಕು ಅಂತ ಪುಸ್ತಕ ಬರೀತೀನ್ರಿ.’

‘ಹಂಗಾರ ಅದು ಯಾರಿಗೂ ಬಳಸಾಕ ಬರಂಗಿಲ್ಲ ಅಂತಾತು,’ ಎಂದರು. ನಮ್ಮ ಕಂಪನಿಯ ಬಗ್ಗೆ ನಾನು ಅಲ್ಲಿಯವರೆಗೆ ಕೇಳಿದ ಅತ್ಯಂತ ಸರಿಯಾದ ಮಾತು ಅದು.

ಇನ್ನು ಆ ಗಾಜಿನ ಕಟ್ಟಡಗಳನ್ನು ಕಟ್ಟುತ್ತಿದ್ದವರ ವಿಷಯ. ರಾಯಚೂರು, ಯಾದಗಿರಿ ಕಡೆಯಿಂದ ರೈಲು ಹತ್ತಿ ನಾಂಪಲ್ಲಿಯಲ್ಲಿ ಇಳಿಯುತ್ತಿದ್ದರು. ಇಳಿದ ಮೇಲೆ ಮೇಸ್ತ್ರಿ ಬಂದು ಕರೆದೊಯ್ಯುವವರೆಗೆ ಸ್ಟೇಷನ್ನಿನ ಹೊರಗೆ ಗಂಟುಗಳ ಮೇಲೆ ಕೂತಿರುತ್ತಿದ್ದರು. ಒಂದು ಬೆಳಿಗ್ಗೆ ನಮ್ಮ ಈ ಟೆಲಿಫೋನ್ ಆಪರೇಟರ್ ತರಕಾರಿ ಚೀಲ ಹಿಡಿದು ಹೋಗುವಾಗ ಒಬ್ಬ ಮುದುಕಿ ಹಣ್ಣಿನ ಅಂಗಡಿಯವನನ್ನು ಕನ್ನಡದಲ್ಲಿ ನೀರು ಕೇಳುತ್ತಿದ್ದಳಂತೆ. ಅವನಿಗೆ ಅರ್ಥವಾಗುತ್ತಿಲ್ಲ, ಇವಳು ಬಿಡುತ್ತಿಲ್ಲ. ಅವನಿಗೆ ಕಿವಿ ಕೇಳಿಸುವುದಿಲ್ಲವೆಂದುಕೊಂಡು ಧ್ವನಿ ಏರಿಸುತ್ತಲೇ ಇದ್ದಾಳೆ. ಆ ಮುದುಕಿ ಹುಲಿಗೆಮ್ಮ. ಜೊತೆಗೆ ಮಗ ಮಾನಪ್ಪ, ಇನ್ನೂ ಕೆಲವರು. ಇವರು ಅಷ್ಟೂ ಜನರನ್ನು ಚರ್ಚಿನ ಆವರಣದ ನಲ್ಲಿಗೆ ಕರೆದುಕೊಂಡು ಬಂದರು.

ಅಲ್ಲಿಂದ ಶುರುವಾಯಿತು. ನಲ್ಲಿಗೆ ಬಂದವರು ಮುಂದಿನ ಭಾನುವಾರ ಆರಾಧನೆಗೂ ಬಂದರು. ಕೆಲವರು ಊರಲ್ಲೇ ಕ್ರೈಸ್ತರಾಗಿದ್ದವರು, ಕೆಲವರು ಅಲ್ಲ. ಹುಲಿಗೆಮ್ಮ, ಮಾನಪ್ಪ ಅಲ್ಲ. ಅವರು ಬರುತ್ತಿದ್ದದ್ದು ನೀರಿಗೆ, ನೆರಳಿಗೆ, ಮತ್ತೆ ನನ್ನ ಹಾಗೆಯೇ ಆ ಒಂದು ಹಾಡಿಗೆ.

ಆ ಚರ್ಚಿನಲ್ಲಿ ಒಂದು ಪದ್ಧತಿ ಇತ್ತು, ಈಗಲೂ ಇದೆ. ಪ್ರಕಟಣೆಗಳ ಹೊತ್ತಿನಲ್ಲಿ ಪಾಸ್ಟರ್ ಹೊಸಬರನ್ನು ಎದ್ದು ನಿಲ್ಲುವಂತೆ ಕೇಳುತ್ತಾರೆ. ಎದ್ದವರು ಹೆಸರು, ಊರು ಹೇಳಬೇಕು. ಉಳಿದವರು ಕೂತಲ್ಲಿಂದಲೇ ತಿರುಗಿ ನೋಡಿ ಚಪ್ಪಾಳೆ ತಟ್ಟುತ್ತಾರೆ. ಸ್ವಾಗತವೇ ಅದು, ಅನುಮಾನವಿಲ್ಲ. ಆದರೆ ನಿಂತು ನೋಡಿದವರಿಗೇ ಗೊತ್ತು ಆ ಚಪ್ಪಾಳೆ ಎಷ್ಟು ಉದ್ದ ಎಂದು.

ಪಾಸ್ಟರ್ ತೆಲುಗಿನವರು, ಒಳ್ಳೆಯ ಮನುಷ್ಯ. ಹೊಸಬರಿಗಾಗಿ ಕನ್ನಡದಲ್ಲೇ ಸ್ವಾಗತ ಹೇಳಬೇಕೆಂದು ಕಷ್ಟಪಟ್ಟು ಕಲಿತು ಬಂದಿದ್ದರು. ಅವರ ಕನ್ನಡವೆಲ್ಲ ಧರ್ಮಗ್ರಂಥದ ಕನ್ನಡ. ಬೇರೆ ನಾಡಿನಿಂದ ಬಂದವನಿಗೆ ಅಲ್ಲಿ ಇರುವ ಮಾತು ಪರದೇಶಿ. ಅವರು ಎರಡೂ ಕೈ ಚಾಚಿ ನಗುತ್ತ ಹೇಳಿದರು: ‘ನಮ್ಮ ಮಧ್ಯೆ ಬಂದಿರುವ ಪರದೇಶಿಗಳೇ, ನಿಮಗೆ ಸ್ವಾಗತ!’

ರಾಯಚೂರು ಸೀಮೆಯಲ್ಲಿ ಪರದೇಶಿ ಎಂದರೆ ಹಿಂದೆ ಮುಂದೆ ಯಾರೂ ಇಲ್ಲದವನು, ದಿಕ್ಕೆಟ್ಟವನು. ಜಗಳದ ಕೊನೆಗೆ, ಬೇರೆ ಬೈಗುಳವೆಲ್ಲ ತೀರಿದ ಮೇಲೆ ಎತ್ತುವ ಮಾತು. ನಿಂತಿದ್ದವರ ಮುಖ ಕಪ್ಪಿಟ್ಟಿತು. ಹುಲಿಗೆಮ್ಮನ ಮುಖ ಮಾತ್ರ ಕಪ್ಪಿಡಲಿಲ್ಲ.

‘ಯಾರ್ರೀ ಪರದೇಶಿ?’ ಎಂದಳು. ಚರ್ಚಿನ ಹಿಂದಿನ ಗೋಡೆಯಿಂದ ಮುಂದಿನ ಗೋಡೆಗೆ ಕೇಳಿಸಿತು. ‘ಗುಂಡಕಲ್ಲಿನಂಥಾ ಮಗ ನನ್ನ ಬಾಜೂಕ ನಿಂತಾನ, ಕಾಣಂಗಿಲ್ಲೇನು? ಗಂಡ ಸತ್ತರ ನಾ ಪರದೇಶಿ ಆದ್ನೇನು? ನೀರು ಕೊಟ್ಟು ಬೈತೀರೇನ್ರೀ ಅಯ್ಯನೋರ?’

ಪಾಸ್ಟರಿಗೆ ಸಿಟ್ಟು ಅರ್ಥವಾಯಿತು, ಕಾರಣ ಅರ್ಥವಾಗಲಿಲ್ಲ. ಚಾಚಿದ ಕೈ ಹಾಗೇ ಉಳಿಯಿತು. ಆಗ ಇವರು ತಮ್ಮ ಬೆಂಚಿನಿಂದಲೇ ಕೂಗಿದರು. ‘ಲೈನ್ ಮ್ಯಾಲ ಇರು ಯಮ್ಮಾ! ಅವರು ಬೈದಿಲ್ಲ. ಅವರ ಮಾತಿನಾಗ ಪರದೇಶಿ ಅಂದ್ರ ಬ್ಯಾರೆ ಊರಿಂದ ಬಂದವರು ಅಂತ, ಅಷ್ಟ. ಹಂಗ ನೋಡಿದ್ರ ನಾನೂ ಪರದೇಶೀನ. ಬೀದರದಾಕಿ.’

ಹುಲಿಗೆಮ್ಮ ಅವರನ್ನು ಮೇಲಿಂದ ಕೆಳಗೆ ನೋಡಿದಳು. ‘ಹಂಗಾರ ನೀ ಯಾಕ ಕುಂತೀ?’

ಕನ್ನಡ ಬಲ್ಲವರು ನಕ್ಕರು. ಇವರು ನಗಲಿಲ್ಲ. ಬೆರಳು ಕಿವಿಯ ಮೇಲೆ ಹೋಯಿತು. ಆಮೇಲೆ ಎದ್ದು ನಿಂತರು.

ಸ್ಮರಣಾರ್ಥ ಸಭೆಯಲ್ಲಿ ಮಾತಾಡಿದವರು ಇದನ್ನು ಬೇರೆ ರೀತಿ ಹೇಳಿದರು. ಅವರ ಹೃದಯದಲ್ಲಿ ಪ್ರೇರಣೆಯಾಯಿತು, ಎದ್ದು ನಿಂತರು ಎಂದು. ಇಲ್ಲ. ಅದು ಹುಲಿಗೆಮ್ಮ ಹಾಕಿದ ಸವಾಲು. ಕಲ್ಪನೆ ಆಕೆಯದು, ಕಾಲು ಇವರದು. ಮುಂದಿನ ಭಾನುವಾರ ಹೊಸಬರು ಏಳಿ ಎಂದಾಗ ಇವರೂ ಎದ್ದರು. ಅದರ ಮುಂದಿನ ಭಾನುವಾರವೂ ಎದ್ದರು. ಮೂವತ್ತು ವರ್ಷದ ಹಳೆಯ ಸದಸ್ಯೆ, ಚಪ್ಪಾಳೆ ನಿಲ್ಲುವವರೆಗೆ ಹೊಸಬರ ಜೊತೆ ನಿಲ್ಲುವುದು. ಮೊದಲು ತಮಾಷೆಯಾಯಿತು, ಆಮೇಲೆ ಕಿರಿಕಿರಿಯಾಯಿತು, ಆಮೇಲೆ ಯಾರೂ ನೋಡದಂತಾಯಿತು. ಹೊಸಬರು ಯಾರೂ ಇಲ್ಲದ ದಿನವೂ ಒಬ್ಬರೇ ಎದ್ದು, ಸುತ್ತ ನೋಡಿ, ‘ಯಾರೂ ಬಂದಿಲ್ಲೇನು ಇವತ್ತ?’ ಎಂದು ಗೊಣಗಿ ಕೂರುತ್ತಿದ್ದರು.

ಇಷ್ಟು ಬರೆದ ಮೇಲೆ ಅವರು ದೇವತೆಯ ಹಾಗೆ ಕಾಣತೊಡಗಿದ್ದಾರೆ. ಇದು ಸರಿಯಾಗುತ್ತಿಲ್ಲ. ಕೂಲಿಯವರನ್ನು ಅವರು ಬೈಯುತ್ತಿದ್ದ ರೀತಿ ನೋಡಿದ್ದರೆ ನೀವೇ ಅಡ್ಡ ಬರುತ್ತಿದ್ದಿರಿ. ಗೇಟಿನಲ್ಲಿ ನಿಂತು ಗಂಡಸರ ಬಾಯಿ ತೆರೆಸಿ ನೋಡುತ್ತಿದ್ದರು, ಗುಟ್ಕಾ ಇದೆಯೇ ಎಂದು. ‘ಉಗಳು. ಅಲ್ಲಲ್ಲ, ಹೊರಗ ಹೋಗಿ ಉಗಳು. ದೇವರ ಮನೀ ಗ್ವಾಡಿ ನಿಮ್ಮಪ್ಪ ಬಳೀತಾನೇನು?’ ಹೆಂಗಸರಿಗೆ ಕೂದಲ ಬಗ್ಗೆ, ಮಕ್ಕಳಿಗೆ ಮೂಗಿನ ಬಗ್ಗೆ ಬೈಗುಳ. ಮಾನಪ್ಪನನ್ನು ಕಂಡರೆ ಅವರಿಗೆ ಅಷ್ಟಕ್ಕಷ್ಟೇ. ಅವನು ಮಾತಿಗೆ ಉತ್ತರ ಕೊಡುತ್ತಿರಲಿಲ್ಲ. ಮಾತಾಡದ ಮನುಷ್ಯ ಎಂದರೆ ಅವರಿಗೆ ಸತ್ತ ಲೈನು ಇದ್ದ ಹಾಗೆ. ‘ನಿನ್ನ ಮಗಗ ಡಯಲ್ ಟೋನ್ ಇಲ್ಲ’ ಎಂದು ಹುಲಿಗೆಮ್ಮನಿಗೇ ಹೇಳಿದ್ದರು.

ಚರ್ಚಿನ ಕಮಿಟಿಯ ಕಾರ್ಯದರ್ಶಿಯ ಜೊತೆ ಅವರದು ಹಳೆಯ ಕುಸ್ತಿ. ಇವರಿದ್ದ ಅದೇ ಕಾರ್ಖಾನೆಯ ಲೆಕ್ಕಪತ್ರ ವಿಭಾಗದಿಂದ ನಿವೃತ್ತರಾದ ಅಧಿಕಾರಿ ಅವರು. ದಿಲ್‌ಸುಖ್‌ನಗರದಲ್ಲಿ ಎರಡು ಅಂತಸ್ತಿನ ಸ್ವಂತ ಮನೆ, ಇಸ್ತ್ರಿ ಮುರಿಯದ ಅಂಗಿ. ಅವರೂ ಬೀದರ ಕಡೆಯವರೇ, ಆದರೆ ಮನೆಯ ಹೊಸ್ತಿಲು ದಾಟಿದರೆ ತೆಲುಗು. ಇವರು ಕನ್ನಡದಲ್ಲಿ ಕೇಳುವುದು, ಅವರು ತೆಲುಗಿನಲ್ಲಿ ಉತ್ತರಿಸುವುದು. ಎಷ್ಟೋ ವರ್ಷಗಳ ಜಗಳ ಹೀಗೆ ಎರಡು ಭಾಷೆಯಲ್ಲಿ ನಡೆದಿತ್ತು. ಕಾರ್ಯದರ್ಶಿಯವರದು ದುಷ್ಟತನವಲ್ಲ. ನಲ್ಲಿಯ ನೀರು ಸಾಲುವುದಿಲ್ಲ, ಕೂಲಿಯವರು ವರಾಂಡದಲ್ಲಿ ಮಲಗಿದರೆ ನೆರೆಯವರು ದೂರುತ್ತಾರೆ, ನಾಳೆ ಏನಾದರೂ ಆದರೆ ಚರ್ಚಿನ ಹೆಸರು ಹೋಗುತ್ತದೆ. ಅವರ ಚಿಂತೆಗಳೆಲ್ಲ ನಿಜವಾಗಿದ್ದವು. ಅದೇ ತೊಂದರೆ.

ಆ ‘ನಾಳೆ ಏನಾದರೂ’ ಒಂದು ಶನಿವಾರ ಬಂತು. ಮಾಧಾಪುರದಲ್ಲಿ ಮಾನಪ್ಪ ಕೆಲಸ ಮಾಡುತ್ತಿದ್ದ ಕಟ್ಟಡದಿಂದ ತಾಮ್ರದ ತಂತಿಯ ಸುರುಳಿಗಳು ಕಾಣೆಯಾದವು. ಸೂಪರ್‌ವೈಸರ್ ಹೊಸದಾಗಿ ಬಂದವರ ಕಡೆ ಕೈ ತೋರಿಸಿದ. ಪೊಲೀಸರು ವಿಚಾರಿಸಿದಾಗ ಮಿಕ್ಕವರು ಗೋಳಾಡಿದರು, ಮಾನಪ್ಪ ಎಂದಿನಂತೆ ಉತ್ತರ ಕೊಡಲಿಲ್ಲ. ಅವನನ್ನು ಹಾಕಿಕೊಂಡು ಹೋದರು. ಹುಲಿಗೆಮ್ಮ ಕೂಲಿಯವರ ಶೆಡ್ಡಿನಿಂದ ಬಸ್ಸುಗಳನ್ನು ಕೇಳುತ್ತ ಕೇಳುತ್ತ ನಾಂಪಲ್ಲಿಗೆ ಬಂದು ಇವರ ಬಾಗಿಲು ಬಡಿದಳು.

ಇವರು ಮೊದಲು ಫೋನು ಹಚ್ಚಿದರು. ಠಾಣೆಯಲ್ಲಿ ಸಾಹೇಬರು ರೌಂಡ್ಸ್‌ನಲ್ಲಿದ್ದರು. ಮತ್ತೆ ಹಚ್ಚಿದರು, ಮತ್ತೂ ರೌಂಡ್ಸ್. ‘ಆ ರೌಂಡ್ಸ್ ಕುರ್ಚಿ ಸುತ್ತನ ಹೊಡೀತಾರ, ನನಗ ಗೊತ್ತು’ ಎಂದು ಸೀರೆ ಬದಲಿಸಿ ತಾವೇ ಹೋದರು. ಠಾಣೆಯಲ್ಲಿ ಕೇಸು ಬರೆಯುವ ರೈಟರ್ ಮರ್ಯಾದೆಯಿಂದಲೇ ಮಾತಾಡಿದನಂತೆ. ಇನ್ನೂ ಕೇಸು ಬರೆದಿಲ್ಲ, ಸೋಮವಾರ ಬರೆದು ಕೋರ್ಟಿಗೆ ಕಳಿಸುತ್ತೇವೆ. ಅಷ್ಟರಲ್ಲಿ ಈ ಊರಿನ ಮರ್ಯಾದಸ್ಥರು ಒಬ್ಬರು ಬಂದು ಇವನಿಗೆ ಜಾಮೀನು ನಿಂತರೆ ಬಿಡುತ್ತೇವೆ.

‘ನಾ ನಿಲ್ತೀನಿ’ ಎಂದರಂತೆ ಇವರು.

‘ಸ್ವಂತ ಮನೆ ಇದೆಯೇನಮ್ಮ ಊರಲ್ಲಿ?’

ಇರಲಿಲ್ಲ. ಬಾಡಿಗೆಯ ಒಂದು ಕೋಣೆ, ಒಂದು ಅಡುಗೆಮನೆ. ಹೋಗಿ ಮನೆ ಇರುವವರನ್ನು ಕರೆದುಕೊಂಡು ಬನ್ನಿ ಎಂದ ರೈಟರ್. ಪ್ರತಿ ಭಾನುವಾರ ಎದ್ದು ನಿಲ್ಲುತ್ತಿದ್ದವರಿಗೆ ಯಾರೋ ಮೊದಲ ಸಲ, ನೀವು ನಿಂತರೆ ಲೆಕ್ಕಕ್ಕಿಲ್ಲ ಎಂದು ಹೇಳಿದ್ದರು.

ಮರುದಿನ ಆರಾಧನೆಗೆ ಹೋದಾಗ ಹುಲಿಗೆಮ್ಮ ಹಿಂದಿನ ಬೆಂಚಿನಲ್ಲಿ ಸೆರಗು ಬಾಯಿಗೆ ತುರುಕಿಕೊಂಡು ಕೂತಿದ್ದಳು. ಇವರು ಪಕ್ಕದಲ್ಲಿದ್ದರು. ನನಗೆ ಪಿಸುಮಾತಿನಲ್ಲಿ ವಿಷಯ ಹೇಳಿದರು. ನಾನೂ ಬಾಡಿಗೆಯ ಕೋಣೆಯವನೇ, ಉಪಯೋಗವಿಲ್ಲ. ‘ಅವನು ಕದ್ದಿಲ್ಲ ಅಲ್ಲವೇನ್ರಿ?’ ಎಂದು ಕೇಳಿದೆ.

‘ನನಗೇನ್ ಗೊತ್ತು? ಆ ಮಾರಿ ನೋಡಿದ್ರ ಕದ್ದಾನೋ ಬಿಟ್ಟಾನೋ ತಿಳಿಯಂಗಿಲ್ಲ,’ ಎಂದರು. ‘ಕದ್ದಿದ್ರೂ ಅವಗ ಒಬ್ಬರು ಬೇಕಲ್ಲೋ ಮಾರಾಯ.’

ಹೊಸಬರು ಎದ್ದು ನಿಲ್ಲಬೇಕೆಂದು ಪಾಸ್ಟರ್ ಕೇಳಿದರು. ಇವರು ಎದ್ದರು. ಚಪ್ಪಾಳೆಯಾಯಿತು. ಮಿಕ್ಕವರು ಕೂತರು. ಇವರು ಕೂರಲಿಲ್ಲ.

‘ಕೂರ್ಚೋಂಡಮ್ಮಾ’ ಎಂದು ಪಾಸ್ಟರ್ ಕೂತುಕೊಳ್ಳಲು ಹೇಳಿದರು.

‘ನಮ್ಮ ಮಾನಪ್ಪನ್ನ ಪೊಲೀಸರು ಹಿಡಕೊಂಡು ಹೋಗ್ಯಾರ. ಸ್ವಂತ ಮನೀ ಇದ್ದವರು ಒಬ್ಬರು ನಿಲ್ಲಬೇಕು. ನಿಲ್ಲೂ ತನಕ ನಾ ಕುಂದ್ರಂಗಿಲ್ಲ.’ ಮತ್ತೆ ಅದನ್ನೇ ತೆಲುಗಿನಲ್ಲಿ ಹೇಳಿದರು, ಯಾರೂ ಭಾಷೆಯ ನೆಪ ಹೇಳಬಾರದಲ್ಲ.

ಚರ್ಚಿನಲ್ಲಿ ಇದ್ದಕ್ಕಿದ್ದಂತೆ ಎಲ್ಲರಿಗೂ ತಮ್ಮ ಹಾಡಿನ ಪುಸ್ತಕ ಬಹಳ ಕುತೂಹಲಕರವಾಗಿ ಕಂಡಿತು. ಪಾಸ್ಟರ್ ಪ್ರಾರ್ಥನೆ ಮಾಡೋಣ ಎಂದರು. ‘ಮಾಡ್ರಿ ಅಯ್ಯಗಾರೂ, ನಿಂತೇ ಕೇಳ್ತೀನಿ’ ಎಂದರು ಇವರು. ಪ್ರಾರ್ಥನೆಯಾಯಿತು. ಕಣ್ಣು ತೆರೆದಾಗ ಅವರು ಹಾಗೇ ನಿಂತಿದ್ದರು, ಪಕ್ಕದಲ್ಲಿ ಹುಲಿಗೆಮ್ಮನೂ ನಿಂತಿದ್ದಳು.

ಮುಂದೆ ನಡೆದದ್ದನ್ನು ಸ್ಮರಣಾರ್ಥ ಸಭೆಯಲ್ಲಿ ಒಬ್ಬರು ಗದ್ಗದಿತರಾಗಿ ವರ್ಣಿಸಿದರು. ಇಡೀ ಸಭೆ ಒಬ್ಬರಾದ ಮೇಲೆ ಒಬ್ಬರಂತೆ ಎದ್ದು ನಿಂತಿತು ಎಂದು. ನಾನು ಅಲ್ಲೇ ಇದ್ದೆ. ಇಡೀ ಸಭೆ ನಿಲ್ಲಲಿಲ್ಲ. ಒಬ್ಬರು ನಿಂತರು. ಅದೂ ಮಾನಪ್ಪನಿಗಾಗಿ ಅಲ್ಲ.

ಮುಂದಿನ ಸಾಲಿನಲ್ಲಿದ್ದ ಕಾರ್ಯದರ್ಶಿಯವರಿಗೆ ತಡೆಯಲಾಗಲಿಲ್ಲ. ಕುತ್ತಿಗೆ ಕೆಂಪಗಾಗಿತ್ತು. ಥಟ್ಟನೆ ಎದ್ದು, ಹಿಂದೆ ತಿರುಗಿ, ಬೆರಳೆತ್ತಿ, ‘ಇದು ದೇವರ ಆರಾಧನೆ...’ ಎಂದು ತೆಲುಗಿನಲ್ಲಿ ಶುರುಮಾಡಿದರು.

‘ಹಾಂ!’ ಎಂದರು ಇವರು, ಎಕ್ಸ್‌ಚೇಂಜಿನ ಧ್ವನಿಯಲ್ಲಿ. ‘ಸೆಕ್ರೆಟರಿಯವರು ನಿಂತರು. ದೊಡ್ಡ ಮನಸು. ನಡೀರಿ, ಗಾಡಿ ತೆಗೀರಿ.’

‘ನಾನು ಅದಕ್ಕೆ ನಿಂತದ್ದಲ್ಲ...’

‘ನಿಂತಿದ್ದು ನಿಂತಂಗ.’

ಅಷ್ಟರಲ್ಲಿ ಪಾಸ್ಟರ್, ನಿಜವಾಗಿ ಅರ್ಥವಾಗದೆಯೋ ಅಥವಾ ಚೆನ್ನಾಗಿ ಅರ್ಥವಾಗಿಯೋ, ಚಪ್ಪಾಳೆ ತಟ್ಟಿಬಿಟ್ಟರು. ಸಭೆಯೂ ತಟ್ಟಿತು. ಜನ ತಮ್ಮ ಬದಲಿಗೆ ಇನ್ನೊಬ್ಬ ಸಿಕ್ಕಿದಾಗ ತಟ್ಟುವ ಚಪ್ಪಾಳೆ ಬಹಳ ಜೋರಾಗಿರುತ್ತದೆ. ಆ ಚಪ್ಪಾಳೆಯ ನಡುವೆ ಕಾರ್ಯದರ್ಶಿಯವರ ಬೆರಳು ಮೆಲ್ಲಗೆ ಕೆಳಗಿಳಿಯಿತು.

ಅವರ ಸ್ಕೂಟರಿನ ಹಿಂದೆ ಇವರು, ಹಿಂದಿನ ಆಟೋದಲ್ಲಿ ನಾನು ಮತ್ತು ಹುಲಿಗೆಮ್ಮ. ದಾರಿಯುದ್ದಕ್ಕೂ ಸ್ಕೂಟರಿನ ಮೇಲೆ ಎರಡು ಭಾಷೆಯ ಜಗಳ ನಡೆದಿದ್ದು ದೂರದಿಂದಲೇ ಕಾಣುತ್ತಿತ್ತು. ಅವರ ತಲೆ ಅತ್ತಿತ್ತ ಅಲ್ಲಾಡುತ್ತಿತ್ತು, ಇವರ ಬಲಗೈ ಗಾಳಿಯಲ್ಲಿ ಕಿತ್ತು ಚುಚ್ಚುತ್ತಿತ್ತು.

ಠಾಣೆಯಲ್ಲಿ ರೈಟರ್ ಕಾರ್ಯದರ್ಶಿಯವರ ಅಂಗಿ ನೋಡಿ ಕುರ್ಚಿ ಕೊಟ್ಟ. ಇವರಿಗೆ ಕೊಡಲಿಲ್ಲ, ಕೊಟ್ಟಿದ್ದರೂ ಕೂರುತ್ತಿರಲಿಲ್ಲ. ಕಾರ್ಯದರ್ಶಿಯವರನ್ನು ಕೇಳಿದ: ‘ಇವನು ನಿಮಗೆ ಏನಾಗಬೇಕು ಸಾರ್?’

ಅವರು ಕರವಸ್ತ್ರ ತೆಗೆದು ಕುತ್ತಿಗೆ ಒರೆಸಿಕೊಂಡರು. ‘ಏನೂ ಆಗಬೇಕಿಲ್ಲ’ ಎಂದು ಹೇಳಿ ಎದ್ದುಹೋಗಲು ಬೇಕಾದಷ್ಟು ಸಮಯವಿತ್ತು. ಇವರು ಆಗ ಒಂದು ಮಾತೂ ಆಡಲಿಲ್ಲ ಎಂಬುದು ನನಗೆ ಚೆನ್ನಾಗಿ ನೆನಪಿದೆ. ಇವರು ಸುಮ್ಮನಿದ್ದ ಗಳಿಗೆ ನಾನು ಕಂಡದ್ದು ಅದೊಂದೇ. ಸಭೆಯವರು ಹೇಳಿದ ಮೌನ ಇದೇ ಆಗಿದ್ದರೆ ನಾನು ಒಪ್ಪುತ್ತೇನೆ.

‘ನಮ್ಮ ಚರ್ಚಿನ ಮನುಷ್ಯ’ ಎಂದರು ಕಾರ್ಯದರ್ಶಿ, ತೆಲುಗಿನಲ್ಲಿ.

ಹುಲಿಗೆಮ್ಮ ನನ್ನ ತೋಳು ಹಿಡಿದಳು. ‘ಏನಂದರಪ್ಪ?’

‘ನಿನ್ನ ಮಗ ತಮ್ಮ ಚರ್ಚಿನವನು ಅಂದ್ರು.’

‘ನಾವು ಎಲ್ಲಮ್ಮನ ಮಂದಿ ಅಲ್ಲೇನು?’ ಎಂದು ಗಾಬರಿಯಾದಳು. ‘ಪಾಪ, ನಮ್ಮ ಸಲುವಾಗಿ ಸುಳ್ಳು ಹೇಳಿದ್ರೇನು?’

ನನಗೆ ಗೊತ್ತಿರಲಿಲ್ಲ. ಈಗಲೂ ಗೊತ್ತಿಲ್ಲ.

ಮಾನಪ್ಪನನ್ನು ಹೊರಗೆ ತಂದರು. ಒಂದು ಕಣ್ಣು ಊದಿತ್ತು. ಯಾರ ಕಾಲಿಗೂ ಬೀಳಲಿಲ್ಲ, ತಾಯಿಯನ್ನೂ ಅಪ್ಪಲಿಲ್ಲ. ಸಿಮೆಂಟಿನ ನೆಲ ನೋಡುತ್ತ, ನಾನು ಅವನಿಂದ ಮೊದಲ ಸಲ ಕೇಳಿದ ಮಾತನ್ನು ಹೇಳಿದ: ‘ನನ್ನ ಚಪ್ಪಲಿ ಕೊಡ್ರಿ.’

‘ಬಿಟ್ಟಿದ್ದೇ ಸಾಕು, ನಡಿ ನಡಿ’ ಎಂದು ನಾನೇ ಅವಸರಿಸಿದೆ. ಕಾನ್‌ಸ್ಟೇಬಲ್ ನಕ್ಕ. ಆಗ ಕಾರ್ಯದರ್ಶಿಯವರು, ಹೊರಡಲು ಎದ್ದವರು, ಮತ್ತೆ ಕುರ್ಚಿಯಲ್ಲಿ ಕೂತುಬಿಟ್ಟರು.

‘ಕರೆದುಕೊಂಡು ಬಂದಾಗ ಕಾಲಲ್ಲಿ ಚಪ್ಪಲಿ ಇತ್ತಲ್ಲ?’ ಎಂದು ರೈಟರನನ್ನು ಕೇಳಿದರು. ‘ಹಾಗಾದರೆ ಎಲ್ಲಿ ಹೋಯಿತು?’

ಅದು ಲೆಕ್ಕಪತ್ರ ವಿಭಾಗದ ಧ್ವನಿ. ಬಿಡಲಿಲ್ಲ. ಇನ್‌ಸ್ಪೆಕ್ಟರ್ ಬರಲಿ, ಕೇಳುತ್ತೇನೆ ಎಂದರು. ಅವನನ್ನು ಹೊಡೆದವರಾರು ಎಂದೂ ಕೇಳಿದರು. ಮೊದಲು ಚಪ್ಪಲಿ ಕೇಳಿದವರು ಆಮೇಲೆ ಕಣ್ಣಿನ ಬಗ್ಗೆ ಕೇಳಿದರು, ಆ ಕ್ರಮ ನನಗೆ ಇಂದಿಗೂ ವಿಚಿತ್ರವೆನಿಸುತ್ತದೆ. ಕೊನೆಗೆ ಒಳಗಿನಿಂದ ಒಂದು ಜೊತೆ ಬಂತು, ಒಂದು ನೀಲಿ ಪಟ್ಟಿಯದು, ಒಂದು ಕಂದು. ಮಾನಪ್ಪ ಅವೆರಡನ್ನೂ ಹಾಕಿಕೊಂಡು ನಡೆದ. ಗೇಟಿನ ಹೊರಗೆ ಇವರು ಕಾರ್ಯದರ್ಶಿಯವರಿಗೆ, ‘ಸಾಹೇಬ್ರ, ಲೈನ್ ಛಲೋ ಸಿಕ್ತು ಇವತ್ತ’ ಎಂದರು. ಅವರು ಸ್ಕೂಟರು ಒದೆಯುತ್ತ, ‘ಇನ್ನೊಮ್ಮೆ ಹೀಗೆ ಮಾಡಬೇಡಿ’ ಎಂದು ತೆಲುಗಿನಲ್ಲಿ ಹೇಳಿದರು.

ಕಥೆಯಾಗಿದ್ದರೆ ಇಲ್ಲಿ ಮುಗಿಯುತ್ತಿತ್ತು. ಆದರೆ ಮುಂದಿನ ಭಾನುವಾರ ಹುಲಿಗೆಮ್ಮ, ಮಾನಪ್ಪ ಬರಲಿಲ್ಲ. ಶೆಡ್ಡಿಗೆ ಹೋಗಿ ಕೇಳಿದರೆ ಪುಣೆ ಕಡೆ ಕೆಲಸ ಸಿಕ್ಕಿತಂತೆ, ಹೋದರಂತೆ ಎಂದರು. ತಂತಿ ಸಿಕ್ಕಿತೋ ಇಲ್ಲವೋ ತಿಳಿಯಲಿಲ್ಲ. ಯಾರೂ ಧನ್ಯವಾದ ಹೇಳಲಿಲ್ಲ. ಇವರಿಗೆ ಸಿಟ್ಟು ಬಂದಿತ್ತು, ಬಹಳ ದಿನ ಇತ್ತು. ‘ಹೇಳಿ ಹೋಗಬೇಕಿತ್ತು. ಮಾತಿನ ನಡುವ ಲೈನ್ ಇಟ್ಟು ಹೋದ್ರ ಹೆಂಗ?’ ಎನ್ನುತ್ತಿದ್ದರು. ಒಮ್ಮೆ ತೀರ ಸಣ್ಣ ಧ್ವನಿಯಲ್ಲಿ, ‘ಆಕೀ ಮುಂದ ನಾ ಎದ್ದು ನಿಂತಿದ್ದು ಸರಿ ಇತ್ತಲ್ಲೋ?’ ಎಂದು ಕೇಳಿದರು. ಏನು ಕೇಳುತ್ತಿದ್ದಾರೆಂದು ನನಗೆ ಸರಿಯಾಗಿ ತಿಳಿಯಲಿಲ್ಲ. ಹೌದ್ರಿ ಎಂದೆ.

ನಿಲ್ಲುವುದನ್ನು ಮಾತ್ರ ಬಿಡಲಿಲ್ಲ. ಕೂಲಿಯವರು ಬದಲಾಗುತ್ತ ಹೋದರು. ಕನ್ನಡದವರು ಕಡಿಮೆಯಾಗಿ ಒಡಿಶಾದವರು, ಜಾರ್ಖಂಡಿನವರು ಬಂದರು. ಅವರ ಭಾಷೆ ಇವರಿಗೆ ಬಾರದು, ಬೈಗುಳ ಮಾತ್ರ ಎಲ್ಲರಿಗೂ ತಲುಪುತ್ತಿತ್ತು. ಮೊಣಕಾಲು ಕೆಟ್ಟ ಮೇಲೆ ಮುಂದಿನ ಬೆಂಚನ್ನು ಹಿಡಿದು ನಿಲ್ಲುತ್ತಿದ್ದರು. ಅಷ್ಟರಲ್ಲಿ ನಾನು ಕೆಲಸ ಬದಲಿಸಿ ಊರು ಬಿಟ್ಟಿದ್ದೆ. ವರ್ಷಕ್ಕೊಮ್ಮೆ ಫೋನು ಮಾಡಿದರೆ ‘ಯಾರು?’ ಎಂದು ಕೇಳುತ್ತಿರಲಿಲ್ಲ. ‘ಹೇಳು’ ಎನ್ನುತ್ತಿದ್ದರು.

ಮತ್ತೆ ಆ ಸ್ಮರಣಾರ್ಥ ಆರಾಧನೆಗೇ ಬರುತ್ತೇನೆ. ಭಾಷಣಗಳು ಮುಗಿದವು, ಪರದೆಯ ಮೇಲಿನ ಫೋಟೋ ಹೋಯಿತು. ಈಗಿನ ಪಾಸ್ಟರ್ ಚಿಕ್ಕ ವಯಸ್ಸಿನವರು. ಭಾನುವಾರದ ಆರಾಧನೆಯೇ ಆದ್ದರಿಂದ ಎಂದಿನ ಪದ್ಧತಿಯಂತೆ ಹೊಸಬರು ಏಳಬೇಕೆಂದು ಕೇಳಿದರು. ಕೊನೆಯ ಬೆಂಚಿನಲ್ಲಿ ಒಂದು ಸಂಸಾರ ಎದ್ದಿತು. ಗಂಡ ಸೆಕ್ಯುರಿಟಿ ಗಾರ್ಡಿನ ಸಮವಸ್ತ್ರದಲ್ಲಿದ್ದ, ಹೆಂಡತಿಯ ಸೊಂಟದಲ್ಲಿ ಮಗು. ಹಿಂದಿಯಲ್ಲಿ ಊರು ಹೇಳಿದರು, ಒಡಿಶಾದ ಯಾವುದೋ ಜಿಲ್ಲೆ. ಎಲ್ಲರೂ ತಿರುಗಿ ನೋಡಿದರು. ಚಪ್ಪಾಳೆ ಬಿತ್ತು. ಅವರು ಆ ಚಪ್ಪಾಳೆಯಲ್ಲಿ ನಿಂತಿದ್ದರು, ಅವರಷ್ಟೇ. ಇಷ್ಟು ಹೊತ್ತು ಆ ‘ಸಹನಾಮಯಿ’ಯನ್ನು ಕೊಂಡಾಡಿದ ಒಬ್ಬರಿಗೂ ಏಳಬೇಕೆನ್ನಿಸಲಿಲ್ಲ. ನಾನೂ ಕೂತಿದ್ದೆ. ನಾನು ಈಗ ಯಾವ ಊರಿನವನು, ಹೊಸಬನೋ ಹಳಬನೋ ಎಂದು ಯೋಚಿಸುತ್ತಿದ್ದೆ. ಇಂಥ ಹೊತ್ತಿನಲ್ಲಿ ಯೋಚನೆ ಬಹಳ ಚೆನ್ನಾಗಿ ಬರುತ್ತದೆ.

ಮುಂದಿನ ಸಾಲಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಕಿರ್ರೆಂದಿತು. ಹಳೆಯ ಕಾರ್ಯದರ್ಶಿ. ಬೆಂಚಿನಲ್ಲಿ ಕೂರಲಾಗದೆಂದು ಅವರಿಗೆ ಬೇರೆ ಕುರ್ಚಿ ಹಾಕಿದ್ದರು. ಕೋಲಿನ ಮೇಲೆ ಎರಡೂ ಕೈ ಊರಿ ಅವರು ಎದ್ದು ನಿಂತರು.

ಏಕೆ ಎದ್ದರೋ ಗೊತ್ತಿಲ್ಲ. ಹೊರಗೆ ಹೋಗಬೇಕಿತ್ತೇನೋ, ಸೊಂಟ ಹಿಡಿದಿತ್ತೇನೋ. ಹಿಂದೊಮ್ಮೆ ಅವರು ಎದ್ದದ್ದರ ಅರ್ಥವನ್ನು ಬೇರೆಯವರು ಮಾಡಿದ್ದರು. ಈ ಸಲ ನಾನು ಮಾಡಲಾರೆ.

‘ಕೂರ್ಚೋಂಡಿ ಅಂಕಲ್, ಪರವಾಗಿಲ್ಲ’ ಎಂದರು ಪಾಸ್ಟರ್, ಮೈಕಿನಲ್ಲಿ.

ಅವರು ಕೂರಲಿಲ್ಲ. ಹಿಂದೆ ತಿರುಗಿ ಕೊನೆಯ ಬೆಂಚಿನ ಕಡೆ ನೋಡಿದರು. ಆ ಗೋಡೆಗಳ ನಡುವೆ ಅವರ ಬಾಯಿಂದ ನಾನೆಂದೂ ಕೇಳಿರದ ಭಾಷೆಯಲ್ಲಿ, ‘ಮೊದಲ ಅವರು ಕುಂದರಲಿ’ ಎಂದರು.

ಆ ಸಂಸಾರಕ್ಕೆ ಕನ್ನಡ ಬಾರದು. ಹಿರಿಯರೊಬ್ಬರು ತಮ್ಮನ್ನೇ ನೋಡುತ್ತ ನಿಂತಿದ್ದಾರೆ ಎಂದು ಅವರೂ ಕೂರಲಿಲ್ಲ.